ಅಟ್ಟದಿಂದ ಇಳಿದ ಹೀಟರ್, ಹಳೆಯ ವಯರಿಂಗ್: ಕೊಡಗಿನ ಒಂದು ಮನೆಯ ಪ್ರಕರಣ ಅಧ್ಯಯನ

ಸನ್ನಿವೇಶ

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಕಾಫಿ ತೋಟದ ಇಳಿಜಾರಿನಲ್ಲಿರುವ ಹೆಂಚಿನ ಮನೆಯೊಂದರಲ್ಲಿ, ಹಲವು ವರ್ಷ ಬಳಸದೆ ಅಟ್ಟದ ಮೇಲಿಟ್ಟಿದ್ದ ರೂಮ್ ಹೀಟರನ್ನು ಹುತ್ತರಿ ಹಬ್ಬ ಕಳೆದ ಮೇಲೆ ಕೆಳಗಿಳಿಸಲಾಯಿತು. ಮನೆಯಲ್ಲಿರುವವರು ಎಪ್ಪತ್ತು ದಾಟಿದ ದಂಪತಿ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಮನೆಗೆ ಬರುವವಳಿದ್ದಳು. ಅವಳಿಗಾಗಿ ಅಣಿಗೊಳಿಸಿದ್ದ ಕೋಣೆ ಮನೆಯ ಹಿಂಬದಿಯಲ್ಲಿದ್ದು, ಅದರ ಗೋಡೆಗೆ ದಿನವಿಡೀ ಬಿಸಿಲು ತಾಗುವುದಿಲ್ಲ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯ ಸುತ್ತಮುತ್ತ ಡಿಸೆಂಬರ್ ಮತ್ತು ಜನವರಿಯಲ್ಲಿ ರಾತ್ರಿಯ ಉಷ್ಣಾಂಶ ಎಷ್ಟೋ ದಿನ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುತ್ತದೆ. ಬಾಣಂತಿ ಮತ್ತು ಮಗುವಿರುವ ಕೋಣೆಯನ್ನು ಬೆಚ್ಚಗಿಡಬೇಕೆಂಬ ಹಿರಿಯರ ಆತುರ ಸಹಜವಾದದ್ದೇ ಆಗಿತ್ತು.

ಹೀಟರ್ ಎಣ್ಣೆ ತುಂಬಿದ ಬಗೆಯದು. ಒಂಬತ್ತು ರೆಕ್ಕೆಗಳುಳ್ಳ ಕಬ್ಬಿಣದ ಕವಚದೊಳಗೆ ಎಣ್ಣೆ, ಅದರಲ್ಲಿ ಮುಳುಗಿರುವ ಕಾಯಿಸುವ ಕೊಳವೆ, ಒಂದು ಬದಿಯಲ್ಲಿ ಸ್ವಿಚ್ಚು ಮತ್ತು ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇರುವ ಪೆಟ್ಟಿಗೆ. ಬೆನ್ನಿಗೆ ಅಂಟಿಸಿದ ತಗಡಿನ ಮೇಲೆ 230 ವೋಲ್ಟ್, 2,000 ವ್ಯಾಟ್ ಎಂದಿತ್ತು, ಐಎಸ್ಐ ಗುರುತೂ ಇತ್ತು. ಶಾಖವನ್ನು 800, 1,200 ಮತ್ತು 2,000 ವ್ಯಾಟ್ ಎಂದು ಮೂರು ಹಂತದಲ್ಲಿ ಇಟ್ಟುಕೊಳ್ಳಬಹುದಿತ್ತು. ಮನೆಯವರ ಅಳಿಯ ಅದನ್ನು ಟಿವಿ ಪಕ್ಕದ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸುವುದರಲ್ಲಿದ್ದರು. ಯಜಮಾನರು ತಡೆದು ನನಗೆ ಫೋನ್ ಮಾಡಿದರು. ನಾನು ಈ ಭಾಗದಲ್ಲಿ ಮನೆಗಳ ವಿದ್ಯುತ್ ಕೆಲಸದ ಮೇಲ್ವಿಚಾರಣೆ ನೋಡಿಕೊಳ್ಳುವವನು. "ಹೀಟರ್ ಹಳೇದು, ಹಾಕಬಹುದಾ ಇಲ್ಲವಾ ಅಂತ ಒಮ್ಮೆ ನೋಡಿ ಹೇಳಿ ಸಾಕು" ಎಂಬುದಷ್ಟೇ ಅವರ ಕೋರಿಕೆ.

ಆ ಕೋರಿಕೆ ಹೀಟರಿಗೆ ಮಾತ್ರ ಸಂಬಂಧಿಸಿತ್ತು. ಆದರೆ ಬಹುಕಾಲ ಬಳಸದ ಹೀಟರನ್ನು ಮತ್ತೆ ಹಾಕುವಾಗ ನೋಡಬೇಕಾದದ್ದು ಹೀಟರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದಕ್ಕೆ ವಿದ್ಯುತ್ ತಂದುಕೊಡುವ ಸಾಕೆಟ್ಟು, ತಂತಿ, ಫ್ಯೂಸು ಮತ್ತು ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ತಿಂಗ್‌ಗಳನ್ನು. ದೀಪ, ಫ್ಯಾನು, ಟಿವಿಗಳಿಂದ ಎಂದೂ ಬಯಲಿಗೆ ಬಾರದ ವಯರಿಂಗ್ ದೋಷಗಳು ಗಂಟೆಗಟ್ಟಲೆ 8-9 ಆಂಪಿಯರ್ ಎಳೆಯುವ ಒಂದೇ ಒಂದು ಉಪಕರಣದಿಂದ ಹೊರಬೀಳುತ್ತವೆ. ಈ ಮನೆಯಲ್ಲಿ ಆದದ್ದೂ ಹೀಗೆಯೇ ಆದ್ದರಿಂದ ಪ್ರಕರಣವನ್ನು ಪೂರ್ತಿಯಾಗಿ ದಾಖಲಿಸುವುದು ಉಚಿತವೆನಿಸಿತು.

ಮೊದಲು ನಿಲ್ಲಿಸಿದ್ದು ಕೆಂಡವನ್ನು

ಮನೆಗೆ ಹೋದಾಗ ಹೀಟರಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಮಂಚದ ಪಕ್ಕದಲ್ಲಿದ್ದ ಅಗ್ಗಿಷ್ಟಿಕೆ. ಹೀಟರ್ ಸಿದ್ಧವಾಗುವವರೆಗೆ ಇರಲೆಂದು ಮನೆಯಾಕೆ ಸಂಜೆ ಹೊತ್ತು ಬಚ್ಚಲೊಲೆಯಿಂದ ಕೆಂಡ ತಂದು ಅದಕ್ಕೆ ತುಂಬಿ, ಬಾಗಿಲು ಕಿಟಕಿ ಮುಚ್ಚಿ ಅದೇ ಕೋಣೆಯಲ್ಲಿ ಮಲಗುತ್ತಿದ್ದರು. ಬೆಳಗ್ಗೆ ತಲೆ ಭಾರವಾಗುತ್ತದೆ, ಒಮ್ಮೊಮ್ಮೆ ಹೊಟ್ಟೆ ತೊಳಸಿದಂತಾಗುತ್ತದೆ ಎಂದು ಹೇಳಿದ ಅವರು ಅದನ್ನು ಚಳಿಯ ಲೆಕ್ಕಕ್ಕೆ ಹಾಕಿದ್ದರು.

ಹೊಗೆ ಕಾಣದ ಕೆಂಡವೂ ಇಂಗಾಲದ ಮಾನಾಕ್ಸೈಡ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು ಅದರ ಮೊದಲ ಲಕ್ಷಣಗಳಾದರೂ ನಿದ್ದೆಯಲ್ಲಿರುವವರಿಗೆ ಅವು ಎಚ್ಚರಿಕೆಯಾಗಿ ಒದಗುವುದಿಲ್ಲ. ಕಡಿಮೆ ತೂಕದ, ವೇಗವಾಗಿ ಉಸಿರಾಡುವ ಹಸುಗೂಸಿಗೆ ಅಪಾಯ ಇನ್ನೂ ಬೇಗ ಬರುತ್ತದೆ. ಬಾಣಂತಿಯ ಕೋಣೆಗೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವ ಪದ್ಧತಿ ಈ ಮನೆಯಲ್ಲೂ ಇತ್ತು. ಕೆಂಡ ಕೋಣೆಯಲ್ಲಿರುವ ಅಷ್ಟು ಹೊತ್ತೂ ಬಾಗಿಲು ತೆರೆದಿರಬೇಕು, ಮಲಗುವ ಹೊತ್ತಿಗೆ ಕೆಂಡ ಮನೆಯ ಹೊರಗಿರಬೇಕು ಎಂದು ಮನೆಯಾಕೆಗೆ ಕುಳಿತು ವಿವರಿಸಿದೆ. ಅಗ್ಗಿಷ್ಟಿಕೆಯನ್ನು ಅಂದೇ ಬಚ್ಚಲಿಗೆ ಸಾಗಿಸಿದರು. ಹೀಟರ್ ಸಿದ್ಧವಾಗಲು ಹಿಡಿದ ದಿನಗಳಲ್ಲಿ ಕೋಣೆಗೆ ದಪ್ಪ ಪರದೆ, ನೆಲಕ್ಕೆ ಕಂಬಳಿ, ಬಿಸಿನೀರಿನ ಚೀಲ ಇವುಗಳಿಂದ ನಿಭಾಯಿಸಿದರು. ಇಡೀ ಪ್ರಕರಣದಲ್ಲಿ ಜೀವಕ್ಕೆ ಅತಿ ಹತ್ತಿರ ಬಂದಿದ್ದ ಅಪಾಯ ಇದೇ ಎಂದು ನಾನು ಈಗಲೂ ಭಾವಿಸುತ್ತೇನೆ.

ಹೀಟರಿನ ಪರೀಕ್ಷೆ

ಹೀಟರನ್ನು ಹಗಲಿನಲ್ಲಿ ಜಗಲಿಯ ಮೇಲೆ, ಯಾವ ಪ್ಲಗ್ಗಿಗೂ ಹಾಕದೆ ಪರೀಕ್ಷಿಸಲಾಯಿತು. ಅಟ್ಟದಲ್ಲಿ ಅದನ್ನು ಮಗ್ಗುಲಾಗಿ ಮಲಗಿಸಿಟ್ಟಿದ್ದರು. ಎಣ್ಣೆ ಹೀಟರಿನಲ್ಲಿ ಕಾಯಿಸುವ ಕೊಳವೆ ಕೆಳಭಾಗದಲ್ಲಿರುತ್ತದೆ. ಮಲಗಿಸಿಟ್ಟರೆ ಎಣ್ಣೆ ಒಂದೆಡೆಗೆ ಸರಿದು ಕೊಳವೆಯ ಕೆಲವು ಭಾಗ ಎಣ್ಣೆಯಿಂದ ಹೊರಗುಳಿಯಬಹುದು. ಅಂಥ ಸ್ಥಿತಿಯಲ್ಲಿ ವಿದ್ಯುತ್ ಕೊಟ್ಟರೆ ಆ ಭಾಗ ಮಿತಿಮೀರಿ ಕಾಯುತ್ತದೆ. ಆದ್ದರಿಂದ ಅದನ್ನು ನೆಟ್ಟಗೆ ನಿಲ್ಲಿಸಿ, ಎಣ್ಣೆ ತನ್ನ ಮಟ್ಟಕ್ಕೆ ಇಳಿಯಲು ಬಿಟ್ಟೇ ಮುಂದಿನ ಕೆಲಸ ಹಿಡಿದದ್ದು. ರೆಕ್ಕೆಗಳ ಬೆಸುಗೆಯ ಅಂಚಿನುದ್ದಕ್ಕೂ ಬಿಳಿ ಬಟ್ಟೆಯಿಂದ ಒರೆಸಿ ನೋಡಿದಾಗ ಧೂಳು ಬಂತು, ಎಣ್ಣೆಯ ಜಿಡ್ಡು ಬರಲಿಲ್ಲ. ಎಣ್ಣೆ ಒಸರಿದ ಗುರುತಿದ್ದಿದ್ದರೆ ಆ ಹೀಟರನ್ನು ಅಲ್ಲಿಗೇ ಕೈಬಿಡಬೇಕಾಗುತ್ತಿತ್ತು. ಮನೆಯಲ್ಲಿ ಅದನ್ನು ಬೆಸೆದು ಸರಿಪಡಿಸುವ ಪ್ರಯತ್ನ ಸಲ್ಲದು.

ಸ್ವಿಚ್ ಪೆಟ್ಟಿಗೆಯ ಗಾಳಿಕಂಡಿಗಳಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಮುಚ್ಚಳ ತೆಗೆದಾಗ ಒಳಗೆ, ತಂತಿಗಳ ನಡುವೆ, ಒಡೆದ ಹಲ್ಲಿ ಮೊಟ್ಟೆಯ ಚಿಪ್ಪುಗಳಿದ್ದವು. ಪೆಟ್ಟಿಗೆಯೊಳಗಿನ ಬಿಸಿ ಹೊರಹೋಗುವುದು ಆ ಕಂಡಿಗಳಿಂದಲೇ. ಮಣ್ಣಿನಿಂದ ಮುಚ್ಚಿಹೋದರೆ ಥರ್ಮೋಸ್ಟಾಟ್ ಸರಿಯಾಗಿ ಕೆಲಸ ಮಾಡುವುದಿಲ್ಲ, ತಂತಿಯ ಹೊದಿಕೆಯೂ ಬೇಗ ಒಣಗಿ ಬಿರಿಯುತ್ತದೆ. ಒಣ ಬ್ರಷ್ಷಿನಿಂದ ಎಲ್ಲವನ್ನೂ ತೆಗೆದು, ಒಳಗಿನ ತಿರುಪುಗಳನ್ನು ಬಿಗಿ ಮಾಡಲಾಯಿತು. ನೀರಿನ ಬಟ್ಟೆಯನ್ನು ಒಳಭಾಗಕ್ಕೆ ತಾಗಿಸಲಿಲ್ಲ. ವಯರನ್ನು ಇಲಿ ಕಡಿದಿರಲಿಲ್ಲ, ಬಗ್ಗಿಸಿ ನೋಡಿದಾಗ ಎಲ್ಲಿಯೂ ಬಿರುಕು ಕಾಣಲಿಲ್ಲ. ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳ ಮೇಲೆ ಮಾತ್ರ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ ತೆಗೆದರೂ ಒಂದು ಕಡ್ಡಿಯ ಬುಡ ಕಪ್ಪಾಗಿದ್ದುದರಿಂದ ಆ ಪ್ಲಗ್ಗನ್ನು ಕತ್ತರಿಸಿ ಹೊಸ 16 ಆಂಪಿಯರ್ ಪ್ಲಗ್ ಹಾಕಲು ತೀರ್ಮಾನಿಸಿದೆವು.

ಆಮೇಲೆ ಅಳತೆ. ಮಲ್ಟಿಮೀಟರಿನಲ್ಲಿ ಪೂರ್ಣ ಶಾಖದ ಹಂತದ ಪ್ರತಿರೋಧ 26 ಓಮ್ ಆಸುಪಾಸಿನಲ್ಲಿತ್ತು. 230 ವೋಲ್ಟಿನಲ್ಲಿ 2,000 ವ್ಯಾಟ್ ಕೊಡಬೇಕಾದ ಹೀಟರಿಗೆ ಲೆಕ್ಕದಿಂದ ಬರುವುದು 26.45 ಓಮ್. ಅಂದರೆ ಕಾಯಿಸುವ ಕೊಳವೆಯೊಳಗಿನ ಸುರುಳಿ ಸರಿಯಾಗಿದೆ. ಪ್ಲಗ್ಗಿನ ಅರ್ತ್ ಕಡ್ಡಿಗೂ ಕಬ್ಬಿಣದ ಕವಚಕ್ಕೂ ಸಂಪರ್ಕವಿತ್ತು. ಆದರೆ ವಿದ್ಯುತ್ ಸೋರುತ್ತದೆಯೇ ಎಂದು ಅಳೆಯುವ 500 ವೋಲ್ಟಿನ ಮೆಗ್ಗರನ್ನು ಫೇಸ್ (ವಿದ್ಯುತ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಎರಡನ್ನೂ ಸೇರಿಸಿ ಕವಚದ ಎದುರಿಗೆ ಹಿಡಿದಾಗ ಸಿಕ್ಕಿದ್ದು ಕೇವಲ 0.05 ಮೆಗಾಓಮ್. ಕನಿಷ್ಠ 1 ಮೆಗಾಓಮ್ ಇಲ್ಲದ ಉಪಕರಣವನ್ನು ನಾವು ಬಳಕೆಗೆ ಬಿಡುವುದಿಲ್ಲ.

ಇದರ ಕಾರಣ ಕೊಡಗಿನಲ್ಲಿ ಕೆಲಸ ಮಾಡುವವರಿಗೆ ಹೊಸದಲ್ಲ. ಕಾಯಿಸುವ ಕೊಳವೆಯೊಳಗೆ ಸುರುಳಿಯನ್ನೂ ಹೊರಗಿನ ಲೋಹವನ್ನೂ ಬೇರ್ಪಡಿಸಲು ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಒಣಗಿದ್ದಾಗ ಅದು ಶಾಖವನ್ನು ದಾಟಿಸಿ ವಿದ್ಯುತ್ತನ್ನು ತಡೆಯುತ್ತದೆ. ಆದರೆ ಆ ಪುಡಿಗೆ ತೇವ ಹೀರುವ ಗುಣವಿದೆ. ಬಳಕೆಯಲ್ಲಿರುವ ಹೀಟರಿನ ತೇವವನ್ನು ಅದರ ಬಿಸಿಯೇ ಹೊರಹಾಕುತ್ತಿರುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಊರಿನಲ್ಲಿ, ಹೆಂಚಿನ ಕೆಳಗಿನ ಅಟ್ಟದಲ್ಲಿ ಮಳೆಗಾಲದ ಮೇಲೆ ಮಳೆಗಾಲ ಕಳೆದ ಹೀಟರಿನೊಳಗೆ ತೇವ ಕೊಳವೆಯ ತುದಿಗಳಿಂದ ನುಸುಳುತ್ತಲೇ ಹೋಗುತ್ತದೆ. 0.05 ಮೆಗಾಓಮ್ ಎಂದರೆ 230 ವೋಲ್ಟಿನಲ್ಲಿ ಸುಮಾರು 4.6 ಮಿಲಿಆಂಪಿಯರ್ ಸೋರಿಕೆ. ಅರ್ತಿಂಗ್ ಗಟ್ಟಿಯಾಗಿದ್ದರೆ ಅದು ಯಾರಿಗೂ ತಿಳಿಯದಂತೆ ಭೂಮಿಗೆ ಇಳಿಯುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಕವಚ ಮುಟ್ಟಿದವರ ಮೈಯಲ್ಲಿ ಹರಿಯುತ್ತದೆ. ದೊಡ್ಡವರು ಕೈ ಕೊಡವಿಕೊಂಡು ದೂರ ಸರಿದಾರು. ಒದ್ದೆ ಕೈಯ ಅಜ್ಜಿಗೋ ಅಂಬೆಗಾಲಿಡುವ ಮಗುವಿಗೋ ಅದು ಸಣ್ಣ ಮಾತಲ್ಲ.

ಹೀಗೆ ತೇವ ಹಿಡಿದ ಹೀಟರನ್ನು ಕೆಟ್ಟಿತೆಂದು ಗುಜರಿಗೆ ಹಾಕುವುದೂ, ಸ್ವಲ್ಪ ಜುಮ್ಮೆನ್ನುತ್ತದೆ ಅಷ್ಟೇ ಎಂದು ಬಳಸುವುದೂ ಎರಡೂ ತಪ್ಪು. ಅದನ್ನು ಒಣಗಿಸಬೇಕು. ಅರೇಬಿಕಾ ಕೊಯ್ಲು ನಡೆಯುತ್ತಿದ್ದ ಕಾಲವಾದ್ದರಿಂದ ಮನೆಯ ಮುಂದಿನ ಕಣದಲ್ಲಿ ಕಾಫಿ ಹರಡಿತ್ತು. ಅದರ ಒಂದು ಮೂಲೆಯಲ್ಲಿ ಹೀಟರನ್ನು ನೆಟ್ಟಗೆ ನಿಲ್ಲಿಸಿ, ಸಂಜೆ ಮಂಜು ಇಳಿಯುವ ಮೊದಲು ಕಾಫಿಗೆ ಟಾರ್ಪಾಲ್ ಹೊದಿಸುವಾಗ ಹೀಟರನ್ನೂ ಒಳಗೆ ತರುವಂತೆ ಆಳುಗಳಿಗೆ ಹೇಳಲಾಯಿತು. ಕೆಲವು ದಿನಗಳ ಬಿಸಿಲಿನ ನಂತರ ಮೆಗ್ಗರ್ 0.6 ಮೆಗಾಓಮ್ ತೋರಿಸಿತು. ಇಷ್ಟಾದರೂ ಇನ್ನೂ ಸಾಲದು. ಉಳಿದ ತೇವ ಹೋಗಬೇಕಾದರೆ ಹೀಟರ್ ಒಳಗಿನಿಂದ ಕಾಯಬೇಕು, ಅದಕ್ಕೆ ಸುರಕ್ಷಿತವಾದ ವಿದ್ಯುತ್ ಸಂಪರ್ಕ ಬೇಕು.

ಗೋಡೆಯೊಳಗೆ ಕಂಡದ್ದು

ಕೋಣೆಯಲ್ಲಿ ಒಂದು 16 ಆಂಪಿಯರ್ ಪವರ್ ಪ್ಲಗ್ ಇತ್ತು. ಯಜಮಾನರು ಅದರ ಮೇಲೆ ಪೂರ್ಣ ಭರವಸೆ ಇಟ್ಟಿದ್ದರು. "ಆಗೆಲ್ಲ ಇದೇ ಪ್ಲಗ್ಗಿಗೇ ಹಾಕುತ್ತಿದ್ದೆವಲ್ಲ, ಏನೂ ಆಗಿರಲಿಲ್ಲ" ಎಂದರು. ಮೇನ್ ಸ್ವಿಚ್ ಆಫ್ ಮಾಡಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಮುಖಫಲಕವನ್ನು ಬಿಚ್ಚಿ ಅವರಿಗೇ ತೋರಿಸಲಾಯಿತು.

ಸಾಕೆಟ್ಟಿನ ಹಿಂಬದಿಯಲ್ಲಿ ಫೇಸ್ ತಂತಿಯ ಕೆಂಪು ಹೊದಿಕೆ ಒಂದು ಅಂಗುಲದಷ್ಟು ಉದ್ದಕ್ಕೆ ಕಂದು ಬಣ್ಣಕ್ಕೆ ತಿರುಗಿ, ಉಗುರು ತಾಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ತಿರುಪನ್ನು ಬಿಗಿ ಮಾಡಲು ಹೋದಾಗ ಅದು ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿತು, ಅಷ್ಟು ಸಡಿಲವಾಗಿತ್ತು. ಪ್ಲಗ್ಗಿನ ಕಡ್ಡಿಯನ್ನು ಹಿಡಿಯಬೇಕಾದ ಒಳಗಿನ ಹಿತ್ತಾಳೆ ಪಟ್ಟಿಗಳು ಬಿಗಿ ಕಳೆದುಕೊಂಡಿದ್ದವು. ಗೆದ್ದಲಿನ ಮಣ್ಣು ಪೆಟ್ಟಿಗೆಯ ತಳದಲ್ಲಿ ಸೇರಿತ್ತು.

ಸಡಿಲ ಸಂಪರ್ಕದ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 2,000 ವ್ಯಾಟಿನ ಹೀಟರ್ ಎಳೆಯುವುದು ಸುಮಾರು 8.7 ಆಂಪಿಯರ್. ಸಡಿಲವಾದ ಆ ತಿರುಪಿನ ಬಳಿ 0.3 ಓಮಿನಷ್ಟು ಪ್ರತಿರೋಧ ಹುಟ್ಟಿದರೂ ಅಲ್ಲಿ ಸುಮಾರು 23 ವ್ಯಾಟ್ ಶಾಖ ಉತ್ಪತ್ತಿಯಾಗುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸಲು ಬಳಸುವ 25 ವ್ಯಾಟಿನ ಬೆಸುಗೆ ಕಡ್ಡಿಯೊಂದನ್ನು ಹಚ್ಚಿ ಸಾಕೆಟ್ಟಿನೊಳಗೆ ಮುಚ್ಚಿಟ್ಟಂತೆ ಇದು. ಪ್ಲಗ್ ಮತ್ತು ಸಾಕೆಟ್ಟಿನ ಸುತ್ತ ಬೆಂಕಿ ಹುಟ್ಟುವುದು ಹೆಚ್ಚಾಗಿ ಹೀಗೆಯೇ. ಮುಖ್ಯವಾಗಿ ತಿಳಿಯಬೇಕಾದದ್ದೆಂದರೆ ಈ ದೋಷವನ್ನು ಫ್ಯೂಸಾಗಲಿ, ಮಿತಿಮೀರಿದ ವಿದ್ಯುತ್ತನ್ನು ಕಡಿಯುವ ಎಂಸಿಬಿಯಾಗಲಿ, ಸೋರಿಕೆ ಕಂಡೊಡನೆ ವಿದ್ಯುತ್ ಕಡಿಯುವ ಆರ್‌ಸಿಸಿಬಿಯಾಗಲಿ ಗುರುತಿಸುವುದಿಲ್ಲ; ಹರಿಯುವ ವಿದ್ಯುತ್ ಮಿತಿಯೊಳಗೇ ಇರುತ್ತದೆ, ಸೋರಿಕೆಯೂ ಇರುವುದಿಲ್ಲ. ಗುರುತಿಸಬೇಕಾದದ್ದು ಮನುಷ್ಯರ ಕೈ ಮತ್ತು ಮೂಗು.

ತಂತಿಯ ಜಾಡು ಹಿಡಿದು ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಆ ಪವರ್ ಪ್ಲಗ್ಗಿಗೆ ಬೋರ್ಡಿನಿಂದ ಪ್ರತ್ಯೇಕ ತಂತಿ ಬಂದಿರಲೇ ಇಲ್ಲ. ಪಕ್ಕದ ಕೋಣೆಯ ದೀಪದ ಸರ್ಕ್ಯೂಟಿನಿಂದ 1.5 ಚದರ ಮಿಲಿಮೀಟರಿನ ತಂತಿಯನ್ನು ಎಳೆದು, ತುದಿಗೆ 16 ಆಂಪಿಯರಿನ ಸಾಕೆಟ್ ಕೂರಿಸಿದ್ದರು. ಸಾಕೆಟ್ಟಿನ ಮೇಲೆ ಬರೆದ ಅಂಕಿ ಸಾಕೆಟ್ಟಿನದೇ ಹೊರತು ಅದರ ಹಿಂದಿನ ತಂತಿಯದಲ್ಲ. ಮೇನ್ ಬೋರ್ಡಿನ ಪಿಂಗಾಣಿ ಫ್ಯೂಸ್ ತೆಗೆದರೆ, ಹಿಂದೆಂದೋ ಪದೇ ಪದೇ ಹೋಗುತ್ತಿತ್ತೆಂದು ಯಾರೋ ತಾಮ್ರದ ಎಳೆಗಳನ್ನು ಹೊಸೆದು ಕಟ್ಟಿದ್ದರು. ಅಂದರೆ ಗೋಡೆಯೊಳಗಿನ ತಂತಿ ಬೇಯುತ್ತಿದ್ದರೂ ಫ್ಯೂಸ್ ಹೋಗುತ್ತಿರಲಿಲ್ಲ. ಆಗೇಕೆ ಏನೂ ಆಗಲಿಲ್ಲವೆಂದು ವಿಚಾರಿಸಿದಾಗ, ಆ ದಿನಗಳಲ್ಲಿ 800 ವ್ಯಾಟಿನ ಹಂತವನ್ನಷ್ಟೇ, ಅದೂ ಸ್ವಲ್ಪ ಹೊತ್ತು ಬಳಸುತ್ತಿದ್ದರೆಂದು ಮನೆಯಾಕೆ ನೆನಪಿಸಿಕೊಂಡರು. ಕಂದಿದ ಹೊದಿಕೆ ಅಷ್ಟರ ಫಲ. ಮಗುವಿಗೆಂದು ಈ ಬಾರಿ ರಾತ್ರಿಯಿಡೀ ಪೂರ್ಣ ಹಂತದಲ್ಲಿ ಬಿಡುವ ಯೋಚನೆಯಿತ್ತು.

ಎಕ್ಸ್‌ಟೆನ್ಶನ್ ಬೋರ್ಡಿನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 6 ಆಂಪಿಯರಿನ ಪ್ಲಗ್ಗಿನಿಂದ ಬರುವ ಬೋರ್ಡಿಗೆ 8.7 ಆಂಪಿಯರಿನ ಹೀಟರನ್ನು, ಅಡಾಪ್ಟರ್ ಹಾಕಿಯಾಗಲಿ ಹಾಕದೆಯಾಗಲಿ, ಸಿಕ್ಕಿಸಕೂಡದು.

ಅರ್ತಿಂಗ್

ಅಡುಗೆಮನೆಯ ಹಿಂದಿನ ಅರ್ತ್ ಗುಂಡಿಯ ಮೇಲೆ ಕೆಸುವಿನ ಗಿಡ ಬೆಳೆದಿತ್ತು. ನೆಲದಲ್ಲಿ ಹೂತ ಕೊಳವೆಗೆ ತಂತಿಯನ್ನು ಬಿಗಿದಿದ್ದ ಪಟ್ಟಿ ತುಕ್ಕು ಹಿಡಿದು ಕೈಯಲ್ಲೇ ಅಲುಗಾಡುತ್ತಿತ್ತು. ಅರ್ತ್ ಟೆಸ್ಟರಿನಲ್ಲಿ ಬಂದದ್ದು 40 ಓಮ್.

ಈ ಅಂಕಿಯ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೀಟರಿನೊಳಗೆ ಫೇಸ್ ತಂತಿ ಬಿಚ್ಚಿಕೊಂಡು ಕವಚಕ್ಕೆ ತಾಗಿತೆನ್ನಿ. ಭೂಮಿಗೆ ಹರಿಯುವ ವಿದ್ಯುತ್ ಹೆಚ್ಚೆಂದರೆ 230ನ್ನು 40ರಿಂದ ಭಾಗಿಸಿದಷ್ಟು, ಅಂದರೆ 6 ಆಂಪಿಯರಿಗೂ ಕಡಿಮೆ. ಸರಿಯಾದ ತಂತಿ ಕಟ್ಟಿದ 15 ಆಂಪಿಯರಿನ ಫ್ಯೂಸ್ ಕೂಡ ಅದಕ್ಕೆ ಹೋಗುವುದಿಲ್ಲ. ಕವಚದ ಮೇಲೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ, ಹೀಟರ್ ಮಾಮೂಲಿನಂತೆ ಬಿಸಿ ಕೊಡುತ್ತಲೂ ಇರುತ್ತದೆ. ಅರ್ತಿಂಗ್ ಇದೆ, ಮೂರು ಕಡ್ಡಿಯ ಪ್ಲಗ್ ಇದೆ ಎಂಬ ಸಮಾಧಾನ ಇಂಥ ಹೊತ್ತಿನಲ್ಲಿ ಕೆಲಸಕ್ಕೆ ಬಾರದು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮಳೆಗಾಲದಲ್ಲಿ ನೆಲ ಚೆನ್ನಾಗಿ ನೆನೆದಿರುವುದರಿಂದ ಅರ್ತಿಂಗ್ ಪ್ರತಿರೋಧ ಕಡಿಮೆ ಇರುತ್ತದೆ. ಮಳೆ ನಿಂತು ಇಳಿಜಾರಿನ ಮಣ್ಣು ಆರತೊಡಗಿದಂತೆ ಪ್ರತಿರೋಧ ಏರುತ್ತದೆ. ಹೀಗಾಗಿ ಹೀಟರ್ ಮಳೆಗಾಲದ ತೇವವನ್ನು ಒಳಗಿಟ್ಟುಕೊಂಡು ಹೊರಬರುವ ಹೊತ್ತಿಗೇ ಅರ್ತಿಂಗ್ ದುರ್ಬಲವಾಗುತ್ತಾ ಹೋಗುತ್ತದೆ. ಈ ಜಿಲ್ಲೆಯಲ್ಲಿ ಚಳಿಗಾಲದ ಹೀಟರ್ ತಪಾಸಣೆಯನ್ನು ಅರ್ತ್ ಗುಂಡಿಯಿಂದ ಆರಂಭಿಸಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಮಾಡಿದ ಕೆಲಸ

ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ಮೇನ್ ಬೋರ್ಡಿನಿಂದ ಕೋಣೆಗೆ ಪ್ರತ್ಯೇಕ ಲೈನ್ ಎಳೆಯಲಾಯಿತು. 16 ಆಂಪಿಯರ್ ಸಾಕೆಟ್ಟಿಗೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕಾಗುತ್ತಿತ್ತಾದರೂ, ಬೋರ್ಡಿನಿಂದ ಕೋಣೆ ದೂರವಿದ್ದುದರಿಂದ ಮತ್ತು ಸಂಜೆಯ ವೋಲ್ಟೇಜ್ ಮೊದಲೇ ಕಡಿಮೆಯಿದ್ದುದರಿಂದ 4 ಚದರ ಮಿಲಿಮೀಟರಿನದನ್ನೇ ಆರಿಸಿದೆವು. ಈ ಲೈನಿನ ಆರಂಭದಲ್ಲಿ 16 ಆಂಪಿಯರಿನ ಎಂಸಿಬಿ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಲಾಯಿತು. ಹಳೆಯ ಮನೆಗಳಲ್ಲಿ ಒಂದೇ ನ್ಯೂಟ್ರಲ್ಲನ್ನು ಹಲವು ಸರ್ಕ್ಯೂಟುಗಳು ಹಂಚಿಕೊಂಡಿರುತ್ತವೆ. ಹಾಗೆ ಹಂಚಿಕೊಂಡರೆ ಆರ್‌ಸಿಸಿಬಿ ವಿನಾಕಾರಣ ಬೀಳುತ್ತದೆ (ತಾನಾಗಿ ಆಫ್ ಆಗುತ್ತದೆ), ಮನೆಯವರು ಬೇಸತ್ತು ಅದನ್ನೇ ತೆಗೆಸಿಬಿಡುತ್ತಾರೆ. ಆದ್ದರಿಂದ ನ್ಯೂಟ್ರಲ್ಲನ್ನೂ ಬೋರ್ಡಿನಿಂದಲೇ ಬೇರೆಯಾಗಿ ತರಲಾಯಿತು. ಈ ಲೈನ್ ಮನೆಯ ಇನ್ವರ್ಟರಿನ ಮೂಲಕ ಹಾಯದಂತೆಯೂ ನೋಡಿಕೊಳ್ಳಲಾಯಿತು. ಕರೆಂಟು ಹೋದಾಗ ಹೀಟರಿನ ಹೊರೆ ಬ್ಯಾಟರಿಯ ಮೇಲೆ ಬೀಳಬಾರದು.

ಅರ್ತ್ ಗುಂಡಿಗೆ ಹೊಸ ಎಲೆಕ್ಟ್ರೋಡ್ ಇಳಿಸಿ, ಹಿತ್ತಾಳೆಯ ಹೊಸ ಪಟ್ಟಿಯಿಂದ ತಂತಿ ಬಿಗಿದು, ನೀರು ಹೊಯ್ಯಲು ಬಾಯಿ ಬಿಟ್ಟು ಮುಚ್ಚಳ ಹಾಕಲಾಯಿತು. ಪ್ರತಿರೋಧ 5 ಓಮಿಗಿಂತ ಕೆಳಗಿಳಿಯಿತು. ಆರ್‌ಸಿಸಿಬಿ ಇರುವಾಗ ಅರ್ತಿಂಗ್ ಅಷ್ಟು ಚೆನ್ನಾಗಿರಬೇಕೇ ಎಂದು ಅಳಿಯ ಕೇಳಿದ ಪ್ರಶ್ನೆ ಯೋಗ್ಯವಾದದ್ದು. ನೂರಾರು ಓಮ್ ಪ್ರತಿರೋಧವಿದ್ದರೂ 30 ಮಿಲಿಆಂಪಿಯರ್ ಸೋರಿದೊಡನೆ ಆರ್‌ಸಿಸಿಬಿ ಬೀಳುತ್ತದೆಂಬುದು ನಿಜ. ಆದರೆ ಅದು ಒಂದು ಯಂತ್ರ, ಬಳಸದೆ ಬಿಟ್ಟರೆ ಅಂಟಿಕೊಳ್ಳಬಹುದು. ಎರಡೂ ಇದ್ದರೆ ಒಂದು ಕೈಕೊಟ್ಟಾಗ ಇನ್ನೊಂದು ಕಾಯುತ್ತದೆ. ಮನೆಗೆ ಮಂಜೂರಾದ ಲೋಡನ್ನು (ಬಳಸಬಹುದಾದ ವಿದ್ಯುತ್ತಿನ ಮಿತಿಯನ್ನು) ಹೆಚ್ಚಿಸಲು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿಯನ್ನೂ ಕೊಡಿಸಲಾಯಿತು. ಹಳೆಯ ಸಾಕೆಟ್ಟನ್ನು ಕಳಚಿ, ತಂತಿಯ ತುದಿಗಳನ್ನು ಬೋರ್ಡಿನ ಕಡೆಯಿಂದಲೇ ಬೇರ್ಪಡಿಸಿ, ಖಾಲಿ ಫಲಕ ಹಾಕಿ ಮುಚ್ಚಿದೆವು.

ಹೀಟರ್ ಹಾಕಿದ ಬೆಳಿಗ್ಗೆ

ಹೊಸ ಲೈನಿನಲ್ಲಿ ಹೀಟರನ್ನು ಹಾಕಿದ್ದು ಬೆಳಗಿನ ಹೊತ್ತು, ಮನೆಯವರೆಲ್ಲ ಎಚ್ಚರವಿರುವಾಗ, ಕಿಟಕಿ ತೆರೆದು. ಚಳಿ ಹೆಚ್ಚಿದ ರಾತ್ರಿಯೇ ಹೀಟರನ್ನು ಇಳಿಸಿ, ಒರೆಸಿ, ಹಾಕಿ ಮಲಗುವುದು ಎಲ್ಲೆಡೆ ಕಾಣುವ ರೂಢಿ. ಆದರೆ ದೋಷವಿದ್ದರೆ ಅದು ಗೊತ್ತಾಗುವುದು ಮೊದಲ ಒಂದೆರಡು ಗಂಟೆಗಳಲ್ಲಿ, ಆ ಹೊತ್ತಿನಲ್ಲಿ ಎಲ್ಲರೂ ನಿದ್ದೆಯಲ್ಲಿರುತ್ತಾರೆ.

ಮೊದಲು ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುವುದನ್ನು ನೋಡಿದೆವು. ಬಳಿಕ 800 ವ್ಯಾಟಿನ ಹಂತ. ಕ್ಲಾಂಪ್ ಮೀಟರ್ 3.4 ಆಂಪಿಯರ್ ತೋರಿಸಿತು, ಅದು ಲೆಕ್ಕಕ್ಕೆ ಸರಿಹೊಂದುತ್ತದೆ. ಕೆಲವೇ ನಿಮಿಷದಲ್ಲಿ ಧೂಳು ಸುಟ್ಟ ವಾಸನೆ ಬಂದು ಮನೆಯಾಕೆ ಗಾಬರಿಗೊಂಡರು. ರೆಕ್ಕೆಗಳ ನಡುವೆ ಉಳಿದ ಧೂಳು ಕಾದು ಬರುವ ಆ ವಾಸನೆ ತಾನಾಗಿ ಕಡಿಮೆಯಾಗುತ್ತದೆ, ಹಾಗೆಯೇ ಆಯಿತು. ಕಡಿಮೆಯಾಗದ, ಪ್ಲಾಸ್ಟಿಕ್ ಕರಗಿದಂತಹ ಅಥವಾ ಮೀನಿನಂತಹ ಕಮಟು ವಾಸನೆ ಪ್ಲಗ್ಗಿನ ಕಡೆಯಿಂದ ಬಂದರೆ ಅದು ಬೇರೆಯೇ ಸಂಗತಿ. ಕೂಡಲೇ ಬೋರ್ಡಿನಲ್ಲಿ ಆಫ್ ಮಾಡಬೇಕು. ಎರಡರ ವ್ಯತ್ಯಾಸವನ್ನು ಇಬ್ಬರಿಗೂ ಸ್ಪಷ್ಟವಾಗಿ ಹೇಳಲಾಯಿತು.

ಕಡಿಮೆ ಹಂತದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಓಡಿಸಿ, ತಣಿಯಲು ಬಿಟ್ಟು ಮತ್ತೆ ಮೆಗ್ಗರ್ ಹಿಡಿದಾಗ ಅಳತೆ 20 ಮೆಗಾಓಮ್ ದಾಟಿತ್ತು. ಒಳಗಿನ ತೇವ ಹೋಗಿತ್ತು. ಆನಂತರವೇ 1,200, ಕೊನೆಗೆ 2,000 ವ್ಯಾಟಿನ ಹಂತಕ್ಕೆ ಏರಿಸಿದ್ದು. ಪೂರ್ಣ ಹಂತದಲ್ಲಿ ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗನ್ನೂ ಸಾಕೆಟ್ಟಿನ ಮುಖವನ್ನೂ ಯಜಮಾನರ ಕೈಯಿಂದಲೇ ಮುಟ್ಟಿಸಿ ನೋಡಿದೆ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿಯಾದರೆ ಸಂಪರ್ಕ ಸಡಿಲವಿದೆಯೆಂದೇ ತಿಳಿಯಬೇಕು. ಥರ್ಮೋಸ್ಟಾಟ್ ತಿರುಗಿಸಿದಾಗ ಟಕ್ಕೆಂದು ಕಡಿಯಿತು. ಹೀಟರನ್ನು ಸ್ವಲ್ಪ ವಾಲಿಸಿದಾಗ ಬುಡದ ಸುರಕ್ಷತಾ ಸ್ವಿಚ್ಚೂ ಕೆಲಸ ಮಾಡಿತು.

ಸಂಜೆ ಯಜಮಾನರಿಂದ ಮತ್ತೆ ಫೋನ್ ಬಂತು: ಬೆಳಗ್ಗೆ ಕಾದಷ್ಟು ಕಾಯುತ್ತಿಲ್ಲ. ಹೋಗಿ ಅಳೆದರೆ ವೋಲ್ಟೇಜ್ 185ಕ್ಕೆ ಇಳಿದಿತ್ತು. ಸುತ್ತಲ ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯಂತ್ರಗಳು ಓಡುವ ಹೊತ್ತದು. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 185 ವೋಲ್ಟಿನಲ್ಲಿ 2,000 ವ್ಯಾಟಿನ ಹೀಟರ್ ಕೊಡುವುದು 1,300 ವ್ಯಾಟಿಗೂ ಕೊಂಚ ಕಡಿಮೆ. ಇದರಿಂದ ಹೀಟರಿಗೆ ಹಾನಿಯಿಲ್ಲ. ಫ್ರಿಜ್ಜಿಗೆ ಇಟ್ಟಿರುವ ಸಣ್ಣ ಸ್ಟೆಬಿಲೈಜರಿಗೆ ಹೀಟರನ್ನು ಹಾಕುವ ಯೋಚನೆಯನ್ನು ಮಾತ್ರ ಬಿಡಿಸಬೇಕಾಯಿತು. ಮಲಗುವ ಹೊತ್ತಿಗಿಂತ ಮುಂಚಿತವಾಗಿ ಹಾಕಿದರೆ ಸಾಕೆಂದು ಹೇಳಿದೆ.

ಇಡುವ ಜಾಗ, ರಾತ್ರಿಯ ಕ್ರಮ

ಹಾಸಿಗೆ, ಸೊಳ್ಳೆಪರದೆ, ಕಿಟಕಿ ಪರದೆ, ತೊಟ್ಟಿಲು ಎಲ್ಲದರಿಂದಲೂ ಕನಿಷ್ಠ ಒಂದು ಮೀಟರ್ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ಹೀಟರಿನ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಲಾಯಿತು. ಮಗುವಿನ ಒದ್ದೆ ಬಟ್ಟೆಗಳನ್ನು ಅದರ ಮೇಲೆ ಹರಡುವ ಆಸೆ ಎಲ್ಲ ಮನೆಗಳಲ್ಲೂ ಇರುತ್ತದೆ, ಇಲ್ಲೂ ಇತ್ತು. ಬಟ್ಟೆ ಮುಚ್ಚಿದರೆ ಶಾಖ ಹೊರಹೋಗದೆ ಹೀಟರ್ ಮಿತಿಮೀರಿ ಕಾಯುತ್ತದೆ, ಬಟ್ಟೆಯಿಂದ ತೊಟ್ಟಿಕ್ಕುವ ನೀರು ಸ್ವಿಚ್ ಪೆಟ್ಟಿಗೆಗೆ ಇಳಿಯುತ್ತದೆ. ಬಟ್ಟೆಗೆ ಬಚ್ಚಲೊಲೆಯ ಮೇಲಿನ ಹಗ್ಗವೇ ಸರಿ ಎಂದು ಅಜ್ಜಿ ಒಪ್ಪಿದರು.

ಹೀಟರ್ ಕೋಣೆಯ ಆಮ್ಲಜನಕವನ್ನು ತಿಂದುಬಿಡುತ್ತದೆ ಎಂಬ ಭಯವನ್ನು ಮಗಳು ವ್ಯಕ್ತಪಡಿಸಿದಳು. ಉರಿಯುವ ಕೆಂಡ, ಸೀಮೆಎಣ್ಣೆ, ಗ್ಯಾಸಿನ ವಿಷಯದಲ್ಲಿ ಆ ಭಯ ಸರಿಯಾದದ್ದು. ವಿದ್ಯುತ್ತಿನ ಎಣ್ಣೆ ಹೀಟರಿನಲ್ಲಿ ಏನೂ ಉರಿಯುವುದಿಲ್ಲ. ಗಾಳಿ ಬಿಸಿಯಾದಾಗ ಅದರ ಸಾಪೇಕ್ಷ ಆರ್ದ್ರತೆ ಇಳಿಯುವುದರಿಂದ ಗಂಟಲು ಒಣಗಿದಂತಾಗುತ್ತದೆ ಅಷ್ಟೆ. ಆದರೂ ಮಗು ಮಲಗುವ ಕೋಣೆ ಅತಿಯಾಗಿ ಬಿಸಿಯಾಗದಂತೆ ನೋಡಿಕೊಂಡು, ಕಿಟಕಿಯ ಮೇಲ್ಗಂಡಿಯನ್ನು ತುಸು ತೆರೆದಿಡುವುದು ಒಳ್ಳೆಯದು.

ರಾತ್ರಿಯ ಕ್ರಮ ಹೀಗೆ ನಿಗದಿಯಾಯಿತು: ಏಳು ಗಂಟೆಗೆ ಹಾಕಿ ಕೋಣೆಯನ್ನು ಬೆಚ್ಚಗೆ ಮಾಡುವುದು, ಎಲ್ಲರೂ ಮಲಗುವ ಮುನ್ನ ಗೋಡೆಯ ಸ್ವಿಚ್ಚಿನಲ್ಲಿ ಆಫ್ ಮಾಡುವುದು. ಎಣ್ಣೆ ಬಿಸಿಯನ್ನು ಹಿಡಿದಿಡುವುದರಿಂದ ಆಮೇಲೂ ಸ್ವಲ್ಪ ಹೊತ್ತು ಶಾಖ ಬರುತ್ತಿರುತ್ತದೆ. ಈ ಹೀಟರಿನ ಸ್ವಿಚ್ಚು ಹಳೆಯ ತಿರುಗುಸ್ವಿಚ್ಚು. ಕರೆಂಟು ಹೋದಾಗ ಆಫ್ ಮಾಡದೆ ಮರೆತರೆ, ಎಷ್ಟೋ ಹೊತ್ತಿನ ಮೇಲೆ ಕರೆಂಟು ಬಂದಾಗ ಯಾರೂ ಇಲ್ಲದ ಕೋಣೆಯಲ್ಲಿ ಅದು ತಾನಾಗಿ ಕಾಯತೊಡಗುತ್ತದೆ. ಆದ್ದರಿಂದ ಕರೆಂಟು ಹೋದ ಕೂಡಲೇ ಗೋಡೆಯ ಸ್ವಿಚ್ಚನ್ನು ಆಫ್ ಮಾಡುವುದನ್ನು ಮನೆಯವರು ಅಭ್ಯಾಸ ಮಾಡಿಕೊಂಡಿದ್ದಾರೆ.

ಬಾಕಿ ಇರುವುದು

ಚಳಿ ಮುಗಿದ ಮೇಲೆ ಹೀಟರ್ ಅಟ್ಟಕ್ಕೆ ಹೋಗುವುದಿಲ್ಲ. ಒಳಕೋಣೆಯ ಮೂಲೆಯಲ್ಲಿ, ಹತ್ತಿ ಬಟ್ಟೆಯ ಚೀಲ ಹೊದಿಸಿ, ನೆಟ್ಟಗೆ ನಿಲ್ಲಿಸಿಡಲು ಜಾಗ ಮಾಡಲಾಗಿದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಚೀಲ ತೆಗೆದು ಕಡಿಮೆ ಹಂತದಲ್ಲಿ ಅರ್ಧ ಗಂಟೆ ಓಡಿಸಿದರೆ ಕೊಳವೆಯೊಳಗೆ ತೇವ ನೆಲೆಸುವುದಿಲ್ಲ, ಕುಂಬಾರ ಹುಳವೂ ಮನೆ ಮಾಡುವುದಿಲ್ಲ. ಅದೇ ದಿನ ಆರ್‌ಸಿಸಿಬಿಯ ಗುಂಡಿಯನ್ನೂ ಒತ್ತಿ ನೋಡಬೇಕೆಂದು ಯಜಮಾನರು ಬೋರ್ಡಿನ ಪಕ್ಕದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ಮಾರ್ಚ್ ಏಪ್ರಿಲ್‌ನಲ್ಲಿ ನೆಲ ಪೂರ್ತಿ ಒಣಗಿದಾಗ ಅರ್ತಿಂಗನ್ನು ಮತ್ತೊಮ್ಮೆ ಅಳೆಯಲಿದ್ದೇನೆ.

ಫ್ಯೂಸಿನ ತಾಮ್ರದ ಎಳೆಗಳನ್ನು ತೆಗೆದು ಸರಿಯಾದ ಫ್ಯೂಸ್ ತಂತಿ ಕಟ್ಟಿದ್ದರೂ, ಉಳಿದ ಕೋಣೆಗಳ ಹಳೆಯ ವಯರಿಂಗ್ ಹಾಗೆಯೇ ಇದೆ. ಅಡುಗೆಮನೆಯಲ್ಲಿ ಮಿಕ್ಸಿ ಮತ್ತು ಫ್ರಿಜ್ಜು ಅದೇ ದೀಪದ ಸರ್ಕ್ಯೂಟಿನಲ್ಲಿವೆ. ಕಾಫಿ ಮಾರಾಟವಾದ ಮೇಲೆ, ಜೂನ್ ಮಳೆಗೆ ಮೊದಲು ಅದನ್ನು ಬದಲಿಸುವುದಾಗಿ ಮನೆಯವರು ಹೇಳಿದ್ದಾರೆ. ಅಲ್ಲಿಯವರೆಗೆ ಆ ಸರ್ಕ್ಯೂಟಿಗೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡು, ಇನ್ನೊಂದು ಹೀಟರ್ ಇವುಗಳಲ್ಲಿ ಯಾವುದನ್ನೂ ಹಾಕಕೂಡದೆಂದು ಬರೆದ ಚೀಟಿಯನ್ನು ಮೇನ್ ಬೋರ್ಡಿನ ಮೇಲೆ ಅಂಟಿಸಿ ಬಂದಿದ್ದೇನೆ.